ನಿಮ್ಮೂರಿನ ಡ್ರ್ಯಾಗ್ ಕಲಾವಿದರಾಗುವುದು ಹೇಗೆ: ಹುಬ್ಬು ಮುಚ್ಚುವುದರಿಂದ ದೇಣಿಗೆ ಡಬ್ಬಿ ಎಣಿಸುವ ತನಕ

ಡ್ರ್ಯಾಗ್, ಅಂದರೆ ಗಂಡಿನ ಇಲ್ಲವೇ ಹೆಣ್ಣಿನ ವೇಷ ಹಾಕಿ ಸ್ಟೇಜಿನ ಮೇಲೆ ಮಾಡುವ ಪ್ರದರ್ಶನ, ಕಲಿಯಬೇಕು ಅಂತ ಬರುವವರು ಸಾಮಾನ್ಯವಾಗಿ ಮೊದಲು ಕೇಳುವುದು ವಿಗ್ ಬಗ್ಗೆ. ಯಾವ ಬಣ್ಣ ಒಪ್ಪುತ್ತದೆ, ತಲೆ ಮೇಲೆ ಹೇಗೆ ನಿಲ್ಲಿಸುವುದು, ಕುಣಿದರೆ ಬೀಳುವುದಿಲ್ಲವಾ. ಅದನ್ನೂ ಹೇಳುತ್ತೇನೆ. ಅದಕ್ಕಿಂತ ಮುಂಚೆ ಒಂದು ಮಾತು. ಟೀವಿಯಲ್ಲಿ ಕಾಣುವ ಡ್ರ್ಯಾಗ್ ಸ್ಪರ್ಧೆಯೇ ಬೇರೆ, ಒಂದೇ ಊರಲ್ಲಿ ವಾರವಾರ ಅದೇ ಐವತ್ತು ನೂರು ಜನರ ಮುಂದೆ ನಿಲ್ಲುವ ಕಲಾವಿದರ ಬದುಕೇ ಬೇರೆ. ಇವರಿಗೆ ಪ್ರೇಕ್ಷಕರ ಹೆಸರು ಗೊತ್ತಿರುತ್ತದೆ. ಯಾರಿಗೆ ಕೆಲಸ ಹೋಯಿತು, ಯಾರನ್ನು ಮನೆಯಿಂದ ಹೊರಗೆ ಹಾಕಿದರು, ಯಾರು ಮೂರು ವಾರದಿಂದ ಮುಖ ತೋರಿಸಿಲ್ಲ, ಎಲ್ಲ ಗೊತ್ತಿರುತ್ತದೆ. ಹಾಗಾಗಿ ವೃತ್ತಿಯೇ ಬೇರೆ, ಸಲಿಂಗಿಗಳು, ಲಿಂಗ ಅಲ್ಪಸಂಖ್ಯಾತರು ಸೇರಿದ ನಮ್ಮ ಸಮುದಾಯದ ಕೆಲಸವೇ ಬೇರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಮೈಕು ಹಿಡಿದವರ ಮಾತನ್ನು ಜನ ಕೇಳುತ್ತಾರೆ. ಆ ಮೈಕನ್ನು ಯಾವುದಕ್ಕೆ ಬಳಸುತ್ತೀರಿ ಅನ್ನುವುದೇ ಈ ಕೆಲಸದ ಅರ್ಧ ಭಾಗ.

ಯಾರು ಮಾಡಬಹುದು

ಯಾರು ಬೇಕಾದರೂ ಮಾಡಬಹುದು. ಗಂಡಸು ಹೆಣ್ಣು ವೇಷ ಹಾಕಿದರೆ ಡ್ರ್ಯಾಗ್ ಕ್ವೀನ್, ಹೆಂಗಸು ಗಂಡು ವೇಷ ಹಾಕಿದರೆ ಡ್ರ್ಯಾಗ್ ಕಿಂಗ್ ಅನ್ನುವ ಹಳೇ ಲೆಕ್ಕ ಈಗ ಪೂರ್ತಿ ಹೊಂದುವುದಿಲ್ಲ. ಹೆಂಗಸರು ಕ್ವೀನ್ ಆಗುತ್ತಾರೆ, ಟ್ರಾನ್ಸ್ ಕಲಾವಿದರು, ಅಂದರೆ ಹುಟ್ಟಿದಾಗ ಹೇಳಿದ ಲಿಂಗ ತಮ್ಮದಲ್ಲ ಅನ್ನುವವರು, ಎರಡೂ ಮಾಡುತ್ತಾರೆ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ವೇಷ ಹಾಕುವವರೂ ಬೇಕಾದಷ್ಟು ಜನ ಇದ್ದಾರೆ. ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಡ್ರ್ಯಾಗ್ ಅಂದರೆ ವೇಷ, ಪ್ರದರ್ಶನ. ಟ್ರಾನ್ಸ್ ಆಗಿರುವುದು ವೇಷ ಅಲ್ಲ, ಅದು ಆ ವ್ಯಕ್ತಿಯ ಬದುಕು. ಸ್ಟೇಜಿನ ಮೇಲೆ ಎರಡನ್ನೂ ಕಲಸಿ ಮಾತಾಡಿದರೆ ಕೆಳಗೆ ಕೂತ ಯಾರಿಗೋ ನೋವಾಗುತ್ತದೆ, ಅವರು ಮುಂದಿನ ವಾರ ಬರುವುದಿಲ್ಲ.

ಈ ದಾರಿಯಲ್ಲಿ ಮುಂಚೆ ನಡೆದವರ ಹೆಸರು ತಿಳಿದಿರಲಿ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1880ರ ದಶಕದಲ್ಲೇ ವಿಲಿಯಂ ಡಾರ್ಸಿ ಸ್ವಾನ್ ಅನ್ನುವವರು ಮನೆಗಳಲ್ಲಿ ಗುಟ್ಟಾಗಿ ಡ್ರ್ಯಾಗ್ ಕೂಟ ನಡೆಸುತ್ತಿದ್ದರು. ಅವರು ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಮನುಷ್ಯ. 1888ರಲ್ಲಿ ಪೊಲೀಸರು ಕೂಟಕ್ಕೆ ನುಗ್ಗಿ ಅವರನ್ನು ಹಿಡಿದರು. 1896ರಲ್ಲಿ ಸುಳ್ಳು ಆರೋಪ ಹೊರಿಸಿ ಜೈಲಿಗೆ ಹಾಕಿದಾಗ ಸ್ವಾನ್ ಸುಮ್ಮನೆ ಕೂರಲಿಲ್ಲ. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್‌ಗೆ ಕ್ಷಮಾದಾನದ ಅರ್ಜಿ ಹಾಕಿಸಿದರು. ಅರ್ಜಿ ತಿರಸ್ಕಾರ ಆಯಿತು. ಆದರೂ ಆ ಕಾಲಕ್ಕೆ ತನ್ನ ಹೆಸರಲ್ಲೇ ಸರ್ಕಾರದ ಬಾಗಿಲು ಬಡಿಯುವುದು ಎಷ್ಟು ದೊಡ್ಡ ಧೈರ್ಯ ಅಲ್ವಾ? ಹಚ್ಚುವ ಬಣ್ಣದ ಹಿಂದೆ ಇಷ್ಟು ಕಥೆ ಇದೆ ಅಂತ ಗೊತ್ತಿದ್ದರೆ ಕನ್ನಡಿ ಮುಂದೆ ಕೂರುವ ರೀತಿಯೇ ಬದಲಾಗುತ್ತದೆ.

ಮುಖ

ಮುಖದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹುಬ್ಬು. ಕಣ್ಣು ದೊಡ್ಡದಾಗಿ ಕಾಣಬೇಕಾದರೆ ಹೊಸ ಹುಬ್ಬನ್ನು ಹಣೆಯಲ್ಲಿ ಇನ್ನೂ ಮೇಲೆ ಬರೆಯಬೇಕು, ಅದಕ್ಕೆ ಇರುವ ಹುಬ್ಬು ಮಾಯವಾಗಬೇಕು. ಬೋಳಿಸಬೇಕಾಗಿಲ್ಲ. ಮಕ್ಕಳು ಶಾಲೆಯಲ್ಲಿ ಬಳಸುವ, ನೀರಲ್ಲಿ ಕರಗುವ ಗ್ಲೂ ಸ್ಟಿಕ್ ಸಾಕು. ಮೊದಲು ಹುಬ್ಬಿನ ಜಿಡ್ಡು ಒರೆಸಿ. ಕೂದಲು ಬೆಳೆದ ದಿಕ್ಕಿಗೆ ಎದುರಾಗಿ ಗ್ಲೂ ಉಜ್ಜಿ, ಬುಡದ ತನಕ ಹೋಗಲಿ. ಆಮೇಲೆ ಸಣ್ಣ ಬ್ರಷ್‌ನಿಂದ ಕೂದಲನ್ನು ಹಣೆ ಕಡೆಗೆ ಬೀಸಣಿಗೆ ಬಿಚ್ಚಿದ ಹಾಗೆ ಹರಡಿ ಬಾಚಿ. ಒಂದರ ಮೇಲೆ ಒಂದು ಕೂದಲು ಕೂತರೆ ಅಲ್ಲಿ ಉಬ್ಬು ಉಳಿಯುತ್ತದೆ. ಬೆರಳ ತುದಿ ಒಂಚೂರು ಒದ್ದೆ ಮಾಡಿಕೊಂಡು ಒತ್ತಿ ಸಪಾಟು ಮಾಡಿ. ಒಣಗಲು ಬಿಡಿ. ಹೀಗೆ ಮೂರು ಪದರ. ದಪ್ಪ ಹುಬ್ಬಿಗೆ ನಾಲ್ಕೂ ಬೇಕಾಗಬಹುದು. ಮುಟ್ಟಿದರೆ ಬೆರಳಿಗೆ ಏನೂ ಅಂಟಬಾರದು, ಆಗ ಪೌಡರ್ ಒತ್ತಿ. ಉಜ್ಜಬೇಡಿ, ಒತ್ತಿ. ಕಪ್ಪು ಕೂದಲಿನ ನೆರಳು ಇನ್ನೂ ಕಾಣುತ್ತಿದ್ದರೆ ಕಿತ್ತಳೆ ಬಣ್ಣದ ಕರೆಕ್ಟರ್ (ಛಾಯೆ ಮುಚ್ಚುವ ಕ್ರೀಮು), ಅದರ ಮೇಲೆ ಫೌಂಡೇಶನ್, ಮತ್ತೆ ಪೌಡರ್.

ನನ್ನ ಮೊದಲ ಶೋ ದಿನ ಅವಸರ ಮಾಡಿ ಎರಡನೇ ಪದರ ಒಣಗುವ ಮುಂಚೆಯೇ ಪೌಡರ್ ಹಾಕಿಬಿಟ್ಟೆ. ಲೈಟಿನ ಬಿಸಿಗೆ, ಬೆವರಿಗೆ ಎಡಗಡೆ ಹುಬ್ಬಿನ ತುದಿ ಎದ್ದು ನಿಂತಿತು. ಹಾಡಿನ ಅರ್ಧ ಭಾಗ ಬಲಗೆನ್ನೆಯನ್ನೇ ಜನರ ಕಡೆ ಇಟ್ಟುಕೊಂಡು ಮುಗಿಸಬೇಕಾಯಿತು. ಅವತ್ತಿನಿಂದ ಹುಬ್ಬಿಗೇ ಅಂತ ನಲವತ್ತು ನಿಮಿಷ ಬೇರೆ ಎತ್ತಿಡುತ್ತೇನೆ.

ಬೋಳಿಸಿದ ಗಡ್ಡದ ನೀಲಿ ಛಾಯೆಗೂ ಅದೇ ಕಿತ್ತಳೆ ಮದ್ದು. ನೀಲಿಯನ್ನು ಕಿತ್ತಳೆ ಕೊಲ್ಲುತ್ತದೆ. ಬೇರೆ ಏನು ಹಚ್ಚಿದರೂ ಅರ್ಧ ಗಂಟೆಯಲ್ಲಿ ಗಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆನ್ನೆ ಮೂಳೆ ಕೆಳಗೆ, ಮೂಗಿನ ಎರಡೂ ಪಕ್ಕ, ದವಡೆ ಅಂಚಿಗೆ ನಿಮ್ಮ ಮೈಬಣ್ಣಕ್ಕಿಂತ ಗಾಢವಾದದ್ದು. ಹಣೆ ನಡುವೆ, ಮೂಗಿನ ದಿಂಡು, ಕಣ್ಣ ಕೆಳಗೆ ತಿಳಿಯಾದದ್ದು. ಮನೆಯ ಕನ್ನಡಿಯಲ್ಲಿ ಇದು ಅತಿಯಾಯಿತು ಅನ್ನಿಸುತ್ತದೆ. ಅನ್ನಿಸಲಿ. ಸ್ಟೇಜಿನ ಲೈಟು ಅರ್ಧ ಬಣ್ಣ ತಿಂದುಹಾಕುತ್ತದೆ. ಕೋಣೆಯ ಆ ತುದಿಗೆ ಫೋನ್ ಇಟ್ಟು ಫೋಟೋ ತೆಗೆದು ನೋಡಿ, ಗೊತ್ತಾಗುತ್ತದೆ.

ಕಿಂಗ್ ಆಗುವವರಿಗೆ ಗಡ್ಡವೇ ಆಟ. ಸ್ವಂತ ಕೂದಲನ್ನು ಅಕ್ಕಿ ನುಚ್ಚಿನಷ್ಟು ಸಣ್ಣಗೆ ಕತ್ತರಿಸಿ ಅಂಟಿನ ಮೇಲೆ ಒತ್ತಿದರೆ ಎರಡಡಿ ದೂರದಿಂದಲೂ ನಿಜ ಗಡ್ಡ. ಎದೆ ಬಿಗಿಯಲು ಅದಕ್ಕೇ ಅಂತ ಹೊಲಿದ ಬೈಂಡರ್ ಬಳಸಿ. ಗಾಯಕ್ಕೆ ಸುತ್ತುವ ಬ್ಯಾಂಡೇಜು, ಪ್ಯಾಕಿಂಗ್ ಟೇಪು ಎದೆಗೆ ಸುತ್ತಲೇಬೇಡಿ. ಉಸಿರು ಕಟ್ಟುತ್ತದೆ, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಬೈಂಡರ್ ಆದರೂ ಎಂಟು ಗಂಟೆಗಿಂತ ಜಾಸ್ತಿ ಬೇಡ.

ಸೊಂಟ, ತೊಡೆ ತುಂಬಿಕೊಂಡು ಕಾಣಲು ಸೋಫಾದೊಳಗಿನ ಸ್ಪಂಜು ಸಾಕು. ಎಲೆ ಆಕಾರಕ್ಕೆ ಕತ್ತರಿಸಿ, ಅಂಚನ್ನು ಕಾಗದದಷ್ಟು ತೆಳು ಮಾಡಿ, ಮೇಲೆ ಮೂರು ನಾಲ್ಕು ಜೊತೆ ಟೈಟ್ಸ್ ಹಾಕಿಕೊಳ್ಳಿ. ಅಂಚು ದಪ್ಪ ಉಳಿದರೆ ತೊಡೆ ಮೇಲೆ ಗೆರೆ ಎದ್ದು ಕಾಣುತ್ತದೆ.

ವಿಗ್ ವಿಷಯ ಬೇಗ ಮುಗಿಸುತ್ತೇನೆ. ಕೂದಲನ್ನು ಚಪ್ಪಟೆ ಮಾಡಿ ಕಟ್ಟಿ, ಮೇಲೆ ವಿಗ್ ಕ್ಯಾಪ್, ಹಣೆ ಅಂಚಿಗೆ ವಿಗ್ಗಿನ ಲೇಸ್ ಅಂಟಿಸುವ ಗ್ಲೂ, ಕಿವಿ ಹಿಂದೆ ಮತ್ತು ಕತ್ತಿನ ಮೇಲೆ ಪಿನ್ನು. ತಲೆ ಬಗ್ಗಿಸಿ ಹತ್ತು ಸಲ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ಮನೆಯಲ್ಲೇ ಬೀಳಲಿ.

ಹಾಡು, ತುಟಿ, ಮೂರೂವರೆ ನಿಮಿಷ

ಸ್ಟೇಜಲ್ಲಿ ನಾವು ಬೇರೆಯವರು ಹಾಡಿದ ರೆಕಾರ್ಡಿಗೆ ತುಟಿ ಆಡಿಸುತ್ತೇವೆ. ಹೊಸಬರು ಮಾಡುವ ದೊಡ್ಡ ತಪ್ಪು, ಹಾಡಿನ ಪದ ಬಾಯಿಪಾಠ ಆದರೆ ಸಾಕು ಅಂದುಕೊಳ್ಳುವುದು. ಸಾಲದು. ಹಾಡಿದವರು ಎಲ್ಲಿ ಉಸಿರು ತಗೊಂಡರು ಅನ್ನುವುದೂ ನಿಮ್ಮ ಮೈಗೆ ಬರಬೇಕು. ಅವರು ಉಸಿರೆಳೆಯುವ ಜಾಗದಲ್ಲಿ ನಿಮ್ಮ ಎದೆ ಏರಬೇಕು, ಅವರು ಎಳೆದು ನಿಲ್ಲಿಸಿದ ಸ್ವರಕ್ಕೆ ನಿಮ್ಮ ಗಂಟಲಿನ ನರ ಬಿಗಿಯಬೇಕು. ಆಗ ಮಾತ್ರ ಕೆಳಗೆ ಕೂತವರು ದನಿ ನಿಮ್ಮದೇ ಅಂತ ನಂಬುತ್ತಾರೆ. ನಾನು ಮೊದಲ ವಾರ ಕಣ್ಣು ಮುಚ್ಚಿ ಬರೀ ಉಸಿರು ಎಣಿಸುತ್ತೇನೆ, ಎರಡನೇ ವಾರ ಬಾಯಿಬಿಟ್ಟು ಜೋರಾಗಿ ಹಾಡುತ್ತೇನೆ, ಮೂರನೇ ವಾರ ದನಿ ನಿಲ್ಲಿಸಿ ಬರೀ ತುಟಿ ಆಡಿಸುತ್ತೇನೆ. ಕುಣಿತ ಕೊನೆಗೆ.

ನಾಲ್ಕು ನಿಮಿಷ ಮೀರಬೇಡಿ. ಹಾಡಿನ ಫೈಲನ್ನು ನಿಮ್ಮ ಹೆಸರು ಹಾಕಿ ಹಿಂದಿನ ದಿನವೇ ಕಳಿಸಿ, ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಫೋನ್‌ನಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಓಡುವ ಹಾಗೆ ಇಟ್ಟುಕೊಳ್ಳಿ. ಹಾಡು ನಡುವೆ ನಿಂತರೆ ನಿಲ್ಲಬೇಡಿ. ಜನರನ್ನೇ ಚಪ್ಪಾಳೆ ತಟ್ಟಲು ಹೇಳಿ, ಆ ತಾಳಕ್ಕೆ ಹೆಜ್ಜೆ ಹಾಕಿ.

ಮೊದಲ ಅವಕಾಶ

ಅವಕಾಶ ಕೇಳುವ ಮುಂಚೆ ಪ್ರೇಕ್ಷಕರಾಗಿ ಹೋಗಿ. ಒಂದು ಸಲ ಅಲ್ಲ, ಎರಡು ಮೂರು ತಿಂಗಳು. ಟಿಕೆಟ್ ತಗೊಳ್ಳಿ, ಟಿಪ್ಸ್ ಕೊಡಿ, ಶೋ ಮುಗಿದ ಮೇಲೆ ಕುರ್ಚಿ ಎತ್ತಿಡಲು ಕೈ ಜೋಡಿಸಿ. ಬಣ್ಣದ ಕೋಣೆಯಲ್ಲಿ ಸೂಜಿದಾರ, ಪಿನ್ನು, ನೀರಿನ ಬಾಟಲಿ ಹಿಡಿದು ನಿಂತವರನ್ನು ಯಾರೂ ಮರೆಯುವುದಿಲ್ಲ. ಹೊಸಬರಿಗೆ ಜಾಗ ಕೊಡುವ ರಾತ್ರಿಗಳು ಎಷ್ಟೋ ಕಡೆ ಇರುತ್ತವೆ. ಅಲ್ಲಿಂದ ಶುರು ಮಾಡಿ.

ಹಿರಿಯರೊಬ್ಬರು ಕೈ ಹಿಡಿದು ಕಲಿಸಿದರೆ ಅವರನ್ನು ಡ್ರ್ಯಾಗ್ ಮದರ್ ಅನ್ನುತ್ತಾರೆ. ಇದು ಬರೀ ಪ್ರೀತಿಗೆ ಕರೆಯುವ ಹೆಸರಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಬಾಲ್‌ರೂಮ್ ಲೋಕದಲ್ಲಿ, ಅಂದರೆ ವೇಷದ ಸ್ಪರ್ಧೆ ನಡೆಯುವ ಕೂಟಗಳಲ್ಲಿ, ಕಪ್ಪು ಕ್ವೀನ್ ಕ್ರಿಸ್ಟಲ್ ಲಬೇಜಾ ಅವರ ಹೆಸರಿನ ಮನೆತನದಿಂದ ಶುರುವಾಗಿ ಒಂದೊಂದೇ 'ಹೌಸ್' ಹುಟ್ಟಿಕೊಂಡಿತು. ಬಿಳಿಯರ ಸ್ಪರ್ಧೆಗಳಲ್ಲಿ ಕಪ್ಪು ಕ್ವೀನ್‌ಗಳಿಗೆ ಆಗುತ್ತಿದ್ದ ಅನ್ಯಾಯಕ್ಕೆ ಅದು ಉತ್ತರ. ಮನೆಯವರು ಕೈಬಿಟ್ಟ ಹುಡುಗ ಹುಡುಗಿಯರಿಗೆ ಆ ಹೌಸ್‌ಗಳೇ ಮನೆಯಾದವು, ಮದರ್ ಅನ್ನಿಸಿಕೊಂಡವರು ತಾಯಿಯ ಹಾಗೇ ಜವಾಬ್ದಾರಿ ಹೊತ್ತರು. ನಿಮ್ಮನ್ನು ಯಾರಾದರೂ ಮಗಳು ಅಂತ ಕರೆದರೆ, ಮುಂದೆ ನೀವೂ ಒಬ್ಬರನ್ನು ಹಾಗೇ ನೋಡಿಕೊಳ್ಳಬೇಕು ಅಂತ ಅರ್ಥ.

ದುಡ್ಡಿನ ಮಾತು

ಶುರುವಿನಲ್ಲಿ ಖರ್ಚೇ ಜಾಸ್ತಿ. ಬಹಳ ಜನ ಹಗಲು ಬೇರೆ ಕೆಲಸ ಇಟ್ಟುಕೊಂಡೇ ಇದನ್ನು ಮಾಡುತ್ತಾರೆ, ಅದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ನೋಟ್‌ಬುಕ್ ಇಡಿ. ಬಟ್ಟೆ, ಬಣ್ಣ, ಓಡಾಟ, ಬಂದ ಸಂಭಾವನೆ, ಟಿಪ್ಸ್, ಎಲ್ಲ ಬರೆಯಿರಿ. ಆರು ತಿಂಗಳಾದ ಮೇಲೆ ಯಾವ ಶೋ ನಿಮ್ಮನ್ನು ಸಾಕುತ್ತಿದೆ, ಯಾವುದನ್ನು ನೀವೇ ಸಾಕುತ್ತಿದ್ದೀರಿ ಅಂತ ಪುಟ ತಿರುವಿದರೆ ತಿಳಿಯುತ್ತದೆ.

ಶೋ ಒಪ್ಪುವ ಮುಂಚೆ ಮೆಸೇಜಲ್ಲಾದರೂ ಸರಿ, ಬರಹದಲ್ಲಿ ಕೇಳಿಕೊಳ್ಳಿ. ಎಷ್ಟು ಹಾಡು, ಎಷ್ಟು ದುಡ್ಡು, ಯಾವತ್ತು ಕೊಡುತ್ತಾರೆ, ಟಿಪ್ಸ್ ಯಾರಿಗೆ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯಾ, ಶೋ ರದ್ದಾದರೆ ಏನು. ಮುಖಾಮುಖಿ ಮಾತಾಡಿ "ನೋಡೋಣ ಬಿಡಿ" ಅಂದದ್ದು ದುಡ್ಡು ಕೊಡುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ನನಗೆ ಒಂದು ಕಡೆ ಹೀಗೇ ಆಯಿತು. ಮೂರು ಹಾಡು ಮಾಡಿಸಿಕೊಂಡು ಒಂದು ಹಾಡಿನ ದುಡ್ಡು ಕೊಟ್ಟರು, ಕೇಳಿದರೆ "ನಿಮಗೆ ಹೆಸರು ಬಂತಲ್ಲ" ಅಂದರು. ಹೆಸರಿನಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ. ಒಳ್ಳೆ ಕಾರಣಕ್ಕೆ ನೀವಾಗಿಯೇ ಉಚಿತವಾಗಿ ಮಾಡುವುದು ಬೇರೆ, ಸಮುದಾಯದ ಹೆಸರು ಹೇಳಿ ನಿಮ್ಮ ಕೂಲಿ ಉಳಿಸಿಕೊಳ್ಳುವುದು ಬೇರೆ. ಬೇರೆಯವರಿಗೆಲ್ಲ, ಲೈಟಿನವರಿಗೆ, ಸೌಂಡಿನವರಿಗೆ, ದುಡ್ಡು ಕೊಡುತ್ತಿದ್ದಾರಾ ಅಂತ ಕೇಳಿ. ಅವರಿಗೆ ಕೊಡುವುದಾದರೆ ನಿಮಗೂ ಕೊಡಬೇಕು.

ಎಷ್ಟು ವರ್ಷ ಮಾಡಬಹುದು ಅಂತಲೂ ಕೇಳುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಡಾರ್ಸೆಲ್ ಅಂತ ಒಬ್ಬರಿದ್ದರು, ನಿಜ ಹೆಸರು ವಾಲ್ಟರ್ ಕೋಲ್. 1967ರಲ್ಲಿ ಸಣ್ಣದೊಂದು ಜಾಗ ತಗೊಂಡು ಶೋ ಶುರು ಮಾಡಿದರು. 2016ರಲ್ಲಿ, 85ನೇ ವಯಸ್ಸಲ್ಲಿ, ವೃತ್ತಿಯಲ್ಲಿರುವ ಅತಿ ಹಿರಿಯ ಡ್ರ್ಯಾಗ್ ಕ್ವೀನ್ ಅಂತ ಗಿನ್ನಿಸ್ ದಾಖಲೆ ಬಂತು. 2023ರಲ್ಲಿ ತೀರಿಕೊಂಡಾಗ ಅವರಿಗೆ 92. ಐದು ದಶಕಕ್ಕೂ ಮೀರಿ ಒಂದೇ ಊರು, ಒಂದೇ ಸ್ಟೇಜು.

ಮೈಕನ್ನು ಊರಿಗಾಗಿ ಹಿಡಿಯುವುದು

ಇಲ್ಲಿಗೆ ಬರಲಿಕ್ಕೇ ಇಷ್ಟು ಬರೆದೆ. ಡ್ರ್ಯಾಗ್ ಕಲಾವಿದರು ಸಮುದಾಯಕ್ಕೆ ಮಾಡಿದ ಕೆಲಸ ನೋಡಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊಸೆ ಸರಿಯಾ ಅನ್ನುವವರು ಬ್ಲ್ಯಾಕ್ ಕ್ಯಾಟ್ ಅನ್ನುವ ಬಾರಲ್ಲಿ ಹಾಡುತ್ತಿದ್ದರು. ಮೋಸ ಮಾಡುವ ಉದ್ದೇಶದಿಂದ ಗಂಡಸು ಹೆಣ್ಣಿನ ಬಟ್ಟೆ ಹಾಕಬಾರದು ಅಂತ ಅಲ್ಲಿ ಕಾನೂನು ಇತ್ತು, ಅದನ್ನು ಹಿಡಿದು ಪೊಲೀಸರು ಕ್ವೀನ್‌ಗಳನ್ನು ಎಳೆದೊಯ್ಯುತ್ತಿದ್ದರು. ಸರಿಯಾ ಏನು ಮಾಡಿದರು ಗೊತ್ತಾ? "ನಾನು ಹುಡುಗ" ಅಂತ ಬರೆದ ಚೀಟಿಗಳನ್ನು ಎಲ್ಲರಿಗೂ ಹಂಚಿದರು. ಬಟ್ಟೆ ಮೇಲೆ ಚೀಟಿ ಇದ್ದ ಮೇಲೆ ಮೋಸ ಎಲ್ಲಿ ಬಂತು? 1961ರಲ್ಲಿ ಅವರು ನಗರದ ಆಡಳಿತ ಮಂಡಳಿಗೆ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ, ಆದರೆ ಸಾವಿರಾರು ಮತ ಬಂತು, ಸಲಿಂಗಿಗಳಾದ ನಮ್ಮವರ ಮತಕ್ಕೂ ಲೆಕ್ಕವಿದೆ ಅಂತ ಊರಿಗೆ ಗೊತ್ತಾಯಿತು. 1965ರಲ್ಲಿ ಅವರು ಕಟ್ಟಿದ ಇಂಪೀರಿಯಲ್ ಕೋರ್ಟ್ ಇವತ್ತಿಗೂ ಅಮೆರಿಕ, ಕೆನಡಾದ ಊರೂರಲ್ಲಿ ಶೋ ಮಾಡಿ ದೇಣಿಗೆ ಎತ್ತುತ್ತದೆ.

ಅದೇ ಊರಿನ ಸಿಸ್ಟರ್ಸ್ ಆಫ್ ಪರ್ಪೆಚುವಲ್ ಇಂಡಲ್ಜೆನ್ಸ್ ತಂಡ 1979ರಲ್ಲಿ ಶುರುವಾಯಿತು. ಸನ್ಯಾಸಿನಿಯರ ವೇಷ ಹಾಕುತ್ತಿದ್ದ ಇವರು 1982ರಲ್ಲಿ ಸುರಕ್ಷಿತ ಲೈಂಗಿಕತೆ ಬಗ್ಗೆ ಒಂದು ಕರಪತ್ರ ತಂದರು. ಏಡ್ಸ್ ಅನ್ನುವ ಹೆಸರೇ ಜನರ ಕಿವಿಗೆ ಹೊಸದಾಗಿದ್ದ ವರ್ಷ ಅದು. ತಂಡದಲ್ಲಿ ನರ್ಸ್‌ಗಳಿದ್ದರು, ಹಾಗಾಗಿ ವಿಷಯ ಪಕ್ಕಾ ಇತ್ತು. ಭಾಷೆ ಬಾರಲ್ಲಿ ಮಾತಾಡುವ ಭಾಷೆ. ಹೆದರಿಸುವ ಧಾಟಿ ಇರಲಿಲ್ಲ, ಅದಕ್ಕೇ ಜನ ಓದಿದರು. ನೀವು ಆರೋಗ್ಯದ ವಿಷಯ ಹೇಳುವಾಗ ಇದನ್ನು ಹಾಗೇ ಅನುಸರಿಸಿ. ವಿಷಯ ಗೊತ್ತಿದ್ದವರನ್ನು ಜೊತೆಗೆ ಇಟ್ಟುಕೊಳ್ಳಿ, ಮಾತು ಮಾತ್ರ ನಿಮ್ಮದಾಗಿರಲಿ.

ಈಗ ಒಂದು ದೇಣಿಗೆ ಶೋ ಹೇಗೆ ಮಾಡುವುದು ಅಂತ ಹೇಳುತ್ತೇನೆ. ಯಾರಿಗಾಗಿ ಎತ್ತುತ್ತೀರೋ ಅವರನ್ನು ಮೊದಲು ಕೇಳಿ. ಇದನ್ನು ಬಹಳ ಜನ ಮರೆಯುತ್ತಾರೆ. ಅವರಿಗೆ ದುಡ್ಡು ಬೇಕಾ, ಹಾಸಿಗೆ ಹೊದಿಕೆ ಬೇಕಾ, ವಕೀಲರು ಬೇಕಾ, ಅಥವಾ ಹೆಸರು ಹೊರಗೆ ಬರದಿದ್ದರೆ ಸಾಕಾ? ನಾನು ಒಮ್ಮೆ ಮನೆ ಬಿಟ್ಟು ಬಂದವರು ತಂಗುವ ಜಾಗಕ್ಕೆ ಅಂತ ಶೋ ಯೋಚಿಸಿ ಅಲ್ಲಿನವರನ್ನು ಕೇಳಿದಾಗ, "ಅಕ್ಕ, ದುಡ್ಡು ಆಮೇಲೆ, ಇಲ್ಲಿರುವ ನಾಲ್ಕು ಜನಕ್ಕೆ ಕೆಲಸದ ಸಂದರ್ಶನಕ್ಕೆ ಹಾಕಿಕೊಳ್ಳಲು ಒಳ್ಳೆ ಬಟ್ಟೆ ಇಲ್ಲ" ಅಂದರು. ಟಿಕೆಟ್ ಬದಲು ಒಗೆದು ಇಸ್ತ್ರಿ ಮಾಡಿದ ಒಂದು ಜೊತೆ ಬಟ್ಟೆ ತನ್ನಿ ಅಂತ ಹೇಳಿದೆವು. ಅವತ್ತು ರಾತ್ರಿ ಬಾಗಿಲ ಹತ್ತಿರ ಹ್ಯಾಂಗರ್‌ಗಳ ಸಾಲು ನೋಡಿ ಬಣ್ಣ ಹಾಳಾಗುತ್ತದೆ ಅಂತ ಕಣ್ಣೀರು ತಡೆದುಕೊಂಡೆ.

ದುಡ್ಡೇ ಎತ್ತುವುದಾದರೆ ಪೋಸ್ಟರ್‌ನಲ್ಲೇ ಬರೆಯಿರಿ: ಬಂದದ್ದರಲ್ಲಿ ಎಷ್ಟು ಭಾಗ ದೇಣಿಗೆ, ಎಷ್ಟು ಖರ್ಚು, ಕಲಾವಿದರಿಗೆ ಸಂಭಾವನೆ ಇದೆಯಾ ಇಲ್ಲವಾ. ದೇಣಿಗೆ ಡಬ್ಬಿಯನ್ನು ಟಿಪ್ಸ್ ಡಬ್ಬಿಯಿಂದ ಬೇರೆ ಇಡಿ, ಬಣ್ಣವೂ ಬೇರೆ ಇರಲಿ, ದೂರದಿಂದಲೇ ಗೊತ್ತಾಗುವ ಹಾಗೆ. ಶೋ ಮುಗಿದ ತಕ್ಷಣ, ಲೈಟು ಆರುವ ಮುಂಚೆ, ಇಬ್ಬರು ಕೂತು ಎಣಿಸಲಿ. ಅದರಲ್ಲಿ ಒಬ್ಬರು ಕಲಾವಿದರಲ್ಲದವರಾಗಿರಲಿ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಬೇಕು, ಮೊತ್ತ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಬೇಕು, ಅದನ್ನು ಮೈಕಲ್ಲಿ ಹೇಳಬೇಕು. ಮಾರನೇ ದಿನ ರಸೀದಿಯ ಫೋಟೋ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಡಬ್ಬಿಯನ್ನು ಒಬ್ಬರೇ ಮನೆಗೆ ತಗೊಂಡು ಹೋಗಿ "ನಾಳೆ ಎಣಿಸುತ್ತೇನೆ" ಅಂದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಅನುಮಾನ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಅನುಮಾನ ಊರಲ್ಲಿ ಹತ್ತು ವರ್ಷ ಓಡಾಡುತ್ತದೆ.

ಎಚ್‌ಐವಿ ಪರೀಕ್ಷೆಗೆ ಶೋ ಜಾಗದಲ್ಲೇ ವ್ಯವಸ್ಥೆ ಮಾಡುವುದು ಇನ್ನೊಂದು ಒಳ್ಳೆ ಕೆಲಸ. ಪರೀಕ್ಷೆಯ ಕೋಣೆ ಶೌಚಾಲಯದ ದಾರಿಯಲ್ಲಿರಲಿ. ಯಾರು ಎಲ್ಲಿಗೆ ಹೋದರು ಅಂತ ಯಾರೂ ಗಮನಿಸುವುದಿಲ್ಲ. ಮೊದಲು ನೀವೇ ಪರೀಕ್ಷೆ ಮಾಡಿಸಿಕೊಂಡು ಮೈಕಲ್ಲಿ ಹೇಳಿ, ಫಲಿತಾಂಶ ಹೇಳಬೇಡಿ. ನೆಗೆಟಿವ್ ಅಂತ ನೀವು ಸಂಭ್ರಮಿಸಿದರೆ ಪಾಸಿಟಿವ್ ಇರುವವರು ಅಲ್ಲೇ ಕುಗ್ಗಿಹೋಗುತ್ತಾರೆ. ಚಿಕಿತ್ಸೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ ಅನ್ನುವ ಮಾತನ್ನು ಪ್ರತಿ ಸಲ ಹೇಳಿ. ನೂರು ಸಲ ಹೇಳಿದರೂ ಮೊದಲ ಸಲ ಕೇಳುವವರು ಒಬ್ಬರು ಇದ್ದೇ ಇರುತ್ತಾರೆ.

ಕಾಣದ ಕೆಲಸವೂ ಇದೆ. ನನಗೆ ಅದೇ ದೊಡ್ಡದು. ಟ್ರಾನ್ಸ್ ಹಕ್ಕಿನ ಹೋರಾಟಗಾರರಾದ ಸಿಲ್ವಿಯಾ ರಿವೆರಾ, ಮಾರ್ಷಾ ಪಿ. ಜಾನ್ಸನ್ ಇಬ್ಬರೂ 1970ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟಾರ್ ಅನ್ನುವ ಸಂಘಟನೆ ಕಟ್ಟಿ, ಬೀದಿಯಲ್ಲಿದ್ದ ಮಕ್ಕಳಿಗೆ ಸೂರು ಕೊಟ್ಟರು. ತಮ್ಮ ಹೊಟ್ಟೆಗೇ ಗ್ಯಾರಂಟಿ ಇರಲಿಲ್ಲ ಅವರಿಗೆ. ಗಂಡು ವೇಷದ ಕಲಾವಿದೆ ಸ್ಟೋರ್ಮಿ ಡಿಲಾರ್ವೆರಿ ಸ್ಟೇಜು ಬಿಟ್ಟ ಮೇಲೆ ವರ್ಷಗಟ್ಟಲೆ ರಾತ್ರಿ ಬೀದಿ ಕಾಯುತ್ತಾ, ಬಾರಿಂದ ಮನೆಗೆ ಹೋಗುವ ಹುಡುಗಿಯರಿಗೆ ಕಾವಲಾದರು. ನೀವು ಇಷ್ಟು ಮಾಡಬೇಕಾಗಿಲ್ಲ. ಶೋ ಮುಗಿದ ಮೇಲೆ ಮೂಲೆಯಲ್ಲಿ ಒಬ್ಬರೇ ಕೂತವರ ಹತ್ತಿರ ಹೋಗಿ "ಊಟ ಆಯಿತಾ?" ಅಂತ ಕೇಳಿದರೂ ಶುರುವಾಯಿತು. ಆಸ್ಪತ್ರೆಗೆ ಜೊತೆಗೆ ಬರುತ್ತೀರಾ ಅಂತ ಕೇಳಿದರೆ ಹೋಗಿ, ಬಣ್ಣ ಇಲ್ಲದೆ, ಸಾದಾ ಬಟ್ಟೆಯಲ್ಲಿ. ನಿಮಗೆ ನಿಭಾಯಿಸಲಾಗದ ವಿಷಯ, ಸಾಯುವ ಯೋಚನೆ, ಮನೆಯಲ್ಲಿ ಹೊಡೆತ, ಇಂಥದ್ದು ಬಂದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರುಗಳ ಪಟ್ಟಿ ಮುಂಚೆಯೇ ಮೇಕಪ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಡಿ. ನಾವು ಡಾಕ್ಟರಲ್ಲ, ಎಲ್ಲವನ್ನೂ ನಾವೇ ಹೊರಲು ಹೋದರೆ ಇಬ್ಬರೂ ಬೀಳುತ್ತೇವೆ.

ಸ್ಟೇಜಲ್ಲಿ ನಿಂತು ಗಂಭೀರವಾಗಿ ಮಾತಾಡಲು ಹೆದರಬೇಡಿ. ಐರ್ಲೆಂಡಿನ ಡಬ್ಲಿನ್‌ನ ಡ್ರ್ಯಾಗ್ ಕ್ವೀನ್ ಪಾಂಟಿ ಬ್ಲಿಸ್ 2014ರ ಫೆಬ್ರವರಿಯಲ್ಲಿ ಆಬ್ಬಿ ಥಿಯೇಟರಲ್ಲಿ ನಾಟಕ ಮುಗಿದ ಮೇಲೆ ಬಂದು, ರಸ್ತೆ ದಾಟಲು ನಿಂತಾಗಲೂ ತಾನು ಸಲಿಂಗಿ ಅಂತ ನೋಡಿದವರಿಗೆ ಗೊತ್ತಾಗಿಬಿಡುತ್ತದಾ ಅಂತ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಅನುಭವ ಹೇಳಿದರು. ಹತ್ತು ನಿಮಿಷದ ಮಾತು, ದೇಶದಾಚೆಗೂ ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಐರ್ಲೆಂಡ್ ಜನಮತದಲ್ಲಿ ಶೇ. 62ರಷ್ಟು ಜನ ಸಲಿಂಗ ಮದುವೆಗೆ ಹೌದು ಅಂದರು. ಆ ಒಂದೇ ಮಾತಿನಿಂದ ಇದಾಯಿತು ಅಂತ ಹೇಳುವುದಿಲ್ಲ. ಆದರೆ ಸ್ವಂತ ಮೈಯಲ್ಲಿ ಆದದ್ದನ್ನು, ಸಣ್ಣ ವಿವರದ ಜೊತೆ, ಸೀದಾ ಹೇಳಿದರೆ ಜನ ಕೇಳುತ್ತಾರೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ.

ಮಕ್ಕಳಿಗೆ ಕಥೆ ಓದುವಾಗ

ಡ್ರ್ಯಾಗ್ ಸ್ಟೋರಿ ಅವರ್ 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಲೇಖಕಿ ಮಿಶೆಲ್ ಟೀ ಅವರ ಯೋಚನೆಯಿಂದ ಶುರುವಾಯಿತು. ಕಲಾವಿದರು ವೇಷ ಹಾಕಿಕೊಂಡು ಗ್ರಂಥಾಲಯಕ್ಕೆ ಹೋಗಿ ಮಕ್ಕಳಿಗೆ ಕಥೆ ಓದುವುದು, ಅಷ್ಟೇ. ಕರೆದರೆ ಹೋಗಿ, ಆದರೆ ರಾತ್ರಿ ಶೋ ಬೇರೆ ಹಗಲಿನ ಓದು ಬೇರೆ. ಮೈ ಮುಚ್ಚುವ, ಬಣ್ಣಬಣ್ಣದ ಬಟ್ಟೆ ಇರಲಿ. ಉದ್ದ ಉಗುರು ಬೇಡ, ಪುಟ ತಿರುವಲು ಆಗುವುದಿಲ್ಲ, ಮಕ್ಕಳ ಕೈಗೆ ತಾಗುತ್ತದೆ. ಪುಸ್ತಕವನ್ನು ಮುಂಚೆ ಐದಾರು ಸಲ ಜೋರಾಗಿ ಓದಿಕೊಳ್ಳಿ. ತಂದೆತಾಯಿ ಕೋಣೆಯಲ್ಲೇ ಇರಬೇಕು ಅಂತ ನೀವೇ ಷರತ್ತು ಹಾಕಿ. ಯಾರಾದರೂ ಬಂದು ಕೂಗಾಡಿದರೆ ಜಗಳಕ್ಕೆ ನಿಲ್ಲುವುದು ನಿಮ್ಮ ಕೆಲಸ ಅಲ್ಲ. ಮಕ್ಕಳ ಕಡೆ ಮುಖ ಮಾಡಿ ಓದು ಮುಂದುವರಿಸಿ, ಬಾಗಿಲನ್ನು ಆಯೋಜಕರು ನೋಡಿಕೊಳ್ಳಲಿ. ಇದನ್ನು ಹಿಂದಿನ ದಿನವೇ ಮಾತಾಡಿಕೊಂಡಿರಬೇಕು. ಕೆಲವು ಕಡೆ ಡ್ರ್ಯಾಗ್ ಪ್ರದರ್ಶನಕ್ಕೇ ಕಾನೂನಿನ ಅಡ್ಡಿ ತಂದಿದ್ದಾರೆ, ಅಮೆರಿಕದ ಟೆನೆಸಿ ರಾಜ್ಯ 2023ರಲ್ಲಿ ತಂದಿತು. ಹಾಗಾಗಿ ನೀವಿರುವ ಕಡೆ ನಿಯಮ ಏನು ಅಂತ ವಕೀಲರನ್ನು ಒಮ್ಮೆ ಕೇಳಿಯೇ ಒಪ್ಪಿಕೊಳ್ಳಿ.

ಫೋಟೋ, ಮತ್ತು ಮನೆಗೆ ಹೋಗುವ ದಾರಿ

ಶೋಗೆ ಬಂದವರಲ್ಲಿ ಮನೆಯಲ್ಲಿ ಹೇಳದೆ ಬಂದವರು ಇರುತ್ತಾರೆ. ಒಂದು ಫೋಟೋದಿಂದ ಅವರ ಕೆಲಸ, ಮನೆ, ಮದುವೆ, ಕೆಲವೊಮ್ಮೆ ಜೀವ ಹೋಗಬಹುದು. ಶೋ ಶುರುವಾಗುವ ಮುಂಚೆ ಮೈಕಲ್ಲಿ ಹೇಳಿ: ಸ್ಟೇಜಿನ ಫೋಟೋ ತೆಗೆಯಿರಿ, ಜನರದ್ದು ಬೇಡ. ಒಂದು ಮೂಲೆಯನ್ನು ಫೋಟೋ ಇಲ್ಲದ ಜಾಗ ಅಂತ ಗುರುತು ಮಾಡಿ. ನಿಮ್ಮ ಜೊತೆ ಫೋಟೋ ತೆಗೆಸಿಕೊಂಡವರ ಹೆಸರನ್ನು ಕೇಳದೆ ಎಲ್ಲೂ ಹಾಕಬೇಡಿ.

ವಾಪಸ್ ಹೋಗುವಾಗ ಒಬ್ಬರೇ ಹೋಗಬೇಡಿ. ಎತ್ತರದ ಚಪ್ಪಲಿ ತೆಗೆದು ಓಡಲು ಬರುವಂಥದ್ದು ಹಾಕಿಕೊಳ್ಳಿ, ವಿಗ್ ಬ್ಯಾಗಿಗೆ, ಮೇಲೊಂದು ದೊಗಳೆ ಅಂಗಿ. ಗುಂಪಲ್ಲಿ ಎಲ್ಲರೂ "ತಲುಪಿದೆ" ಅಂತ ಮೆಸೇಜ್ ಹಾಕುವ ತನಕ ಯಾರೂ ಮಲಗುವುದಿಲ್ಲ ಅನ್ನುವ ಪದ್ಧತಿ ಮಾಡಿಕೊಳ್ಳಿ. ನಮ್ಮ ಗುಂಪಲ್ಲಿ ಇದು ವರ್ಷಗಳಿಂದ ನಡೆಯುತ್ತಿದೆ, ಒಂದು ರಾತ್ರಿ ಮೆಸೇಜ್ ಬಾರದೆ ಹುಡುಕಿಕೊಂಡು ಹೋದದ್ದರಿಂದಲೇ ಒಬ್ಬರು ಉಳಿದರು.

ಎಷ್ಟೇ ಸುಸ್ತಾಗಿರಲಿ ಬಣ್ಣದಲ್ಲೇ ಮಲಗಬೇಡಿ. ಮೊದಲು ಎಣ್ಣೆ ಹಚ್ಚಿ ಬಣ್ಣ ಸಡಿಲ ಮಾಡಿ, ಒರೆಸಿ, ಆಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಹುಬ್ಬಿನ ಮೇಲೆ ಎರಡು ನಿಮಿಷ ಇಡಿ. ಗ್ಲೂ ತಾನೇ ಕರಗುತ್ತದೆ, ಎಳೆದರೆ ಹುಬ್ಬೇ ಬರುತ್ತದೆ. ಅಂಟಿಸಿದ ರೆಪ್ಪೆಯ ಗ್ಲೂ ಬಿಡಿಸಿ ಡಬ್ಬಿಗೆ ಹಾಕಿ, ಸ್ಪಂಜು ಗಾಳಿಗೆ ಹರಡಿ. ಮಲಗುವ ಮುಂಚೆ ನೋಟ್‌ಬುಕ್ ತೆಗೆದು ದುಡ್ಡಿನ ಲೆಕ್ಕದ ಕೆಳಗೆ, ಶೋ ಮುಗಿದ ಮೇಲೆ ಯಾರಿಗೆಲ್ಲ "ನಾಳೆ ಫೋನ್ ಮಾಡುತ್ತೇನೆ" ಅಂದಿರೋ ಅವರ ಹೆಸರು ಬರೆದಿಡಿ. ಬೆಳಗ್ಗೆ ಎದ್ದು ವಿಗ್ ಬಾಚುವ ಮುಂಚೆ ಫೋನ್ ಮಾಡಿ.